ಎರಡು ಕಾವಿನ ಕಾಗದ

ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಬೆಂಗಳೂರಿನ ಪೇಟೆ ಓಣಿಗಳಲ್ಲಿ ಹಳದಿ, ಕೆಂಪು ಬಟ್ಟೆಗಳದ್ದೇ ರಾಶಿ. ಕೈಗಾಡಿಗಳ ಸಂದಿಯಲ್ಲಿ ನುಸುಳಿ, ಒಬ್ಬರಷ್ಟೇ ಹತ್ತಬಹುದಾದ ಈ ಮೆಟ್ಟಿಲೇರಿ ಬನ್ನಿ. ಬಿಸಿಯಾದ ಹತ್ತಿಬಟ್ಟೆಯ ವಾಸನೆ, ಅದರೊಳಗೆ ಬೆರೆತ ಪ್ಲಾಸ್ಟಿಕ್ಕಿನ ತೆಳ್ಳನೆ ಘಾಟು. ಫ್ಯಾನು ತಿರುಗುತ್ತಿದ್ದರೂ ಕೋಣೆ ತಣ್ಣಗಾಗಿಲ್ಲ. ಒಂದು ಮೂಲೆಯಲ್ಲಿ ಲೇಸರ್ ಪ್ರಿಂಟರು ಗುಂಯ್‌ಗುಡುತ್ತಿದೆ, ಎದುರಿನ ಮೇಜಿನ ಮೇಲೆ ಹೀಟ್‌ಪ್ರೆಸ್ಸು ಬಾಯಿ ತೆರೆದು ನಿಂತಿದೆ.

ಕೆಲಸದ ಹೆಣ್ಣುಮಗಳು ಕಟ್ಟಿನಿಂದ, ಅಚ್ಚನ್ನು ಬಟ್ಟೆಗಿಳಿಸುವ ಒಂದು ಟ್ರಾನ್ಸ್‌ಫರ್ ಹಾಳೆ ತೆಗೆದು, ಅಂಚನ್ನಷ್ಟೇ ಹಿಡಿದು, ಲೇಪ ಯಾವ ಮುಖಕ್ಕಿದೆಯೆಂದು ಬೆಳಕಿಗೆ ಓರೆಯಾಗಿಸಿ ನೋಡುತ್ತಾಳೆ. ಮಾಮೂಲಿ ಟ್ರೇಗೆ ಹಾಕುವುದಿಲ್ಲ. ಪ್ರಿಂಟರಿನ ಬೈಪಾಸ್ ಬಾಗಿಲು ತೆರೆದು, ದಪ್ಪ ಕಾಗದದ ಸೆಟ್ಟಿಂಗ್ ಇಟ್ಟು, ಒಂದೊಂದೇ ಹಾಳೆ ಉಣಿಸುತ್ತಾಳೆ. ಒಳಗೆ ನಡೆಯುವುದು ಶಾಯಿಯ ಕೆಲಸವಲ್ಲ. ಟೋನರ್ ಎಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ನುಣುಪು ಪುಡಿ. ಅದು ಕಾಗದಕ್ಕೆ ಕಚ್ಚಿಕೊಳ್ಳುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಉರುಳೆಯಡಿ ಹಾದಾಗ. ಇಂಕ್‌ಜೆಟ್‌ಗೆಂದು ಮಾಡಿದ ಟ್ರಾನ್ಸ್‌ಫರ್ ಹಾಳೆಯನ್ನು ಇಲ್ಲಿ ತೂರಿಸಿದರೆ ಅದರ ಲೇಪ ಆ ಉರುಳೆಗೇ ಕರಗಿ ಅಂಟಿ ಯಂತ್ರವನ್ನೇ ಕೆಡಿಸೀತು. ಲೇಸರ್ ಹಾಳೆಯ ಹೆಚ್ಚುಗಾರಿಕೆಯೇ ಇದು: ಪ್ರಿಂಟರಿನ ಕಾವಿಗೆ ಜಗ್ಗಬಾರದು, ಬಟ್ಟೆಗೊತ್ತುವ ಕಾವಿಗೆ ತನ್ನದನ್ನೆಲ್ಲ ಬಿಟ್ಟುಕೊಡಬೇಕು.

ಹಾಗೆ ನೋಡಿದರೆ ಪುಡಿಯಿಂದ ಅಚ್ಚು ಮೂಡಿಸುವ ಈ ವಿದ್ಯೆ ಹುಟ್ಟುವಾಗಲೇ ಬಿಸಿಯ ಜೊತೆ ಹುಟ್ಟಿತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡಿನ ಮೇಲೆ ಪುಡಿ ಉದುರಿಸಿ, ಮೂಡಿದ ಅಕ್ಷರಗಳನ್ನು ಮೇಣಗಾಗದಕ್ಕೆ ಇಳಿಸಿ, ಕಾಯಿಸಿಯೇ ಅವನ್ನು ನಿಲ್ಲಿಸಿದ.

ಹಾಳೆ ಹೊರಬಂತು ನೋಡಿ, ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಇದರ ಮೇಲೆ ಅಂಟಿನ ಇನ್ನೊಂದು ಹಾಳೆಯನ್ನು ಮುಖಕ್ಕೆ ಮುಖ ಕೊಟ್ಟು ಪ್ರೆಸ್ಸಿಗಿಡುತ್ತಾಳೆ. ಹಿಡಿ ಎಳೆದಾಗ ಕಬ್ಬಿಣದ ‘ಧಡ್’, ಟೈಮರ್ ಮುಗಿದಾಗ ‘ಕೀಂ’. ಬಿಸಿ ಆರುವ ಮೊದಲೇ, ಒಂದೇ ಸಮನೆ, ನಿಧಾನವಾಗಿ ಎರಡನ್ನೂ ಬಿಡಿಸಬೇಕು, ಹದ ಬಂದ ದೋಸೆಯನ್ನು ಕಾವಲಿಯಿಂದ ಎಬ್ಬಿಸುವ ಹಾಗೆ. ಟೋನರ್ ಇದ್ದಲ್ಲಿಗೆ ಮಾತ್ರ ಅಂಟು ಹತ್ತುತ್ತದೆ; ಉಳಿದ ಬಿಳಿ ಜಾಗ ಬರಿದಾಗಿಯೇ ಉಳಿಯುತ್ತದೆ. ಕನ್ನಡಕ್ಕೆ ಇದು ದೊಡ್ಡ ಉಪಕಾರ. ನಮ್ಮ ಅಕ್ಷರಗಳ ಹೊಟ್ಟೆಯ ಸುಳಿ, ಕೆಳಗೆ ಜೋತುಬಿದ್ದ ಒತ್ತು, ಕೊಂಬು, ದೀರ್ಘ ಇವನ್ನೆಲ್ಲ ಬ್ಲೇಡಿನಲ್ಲಿ ಕತ್ತರಿಸಿ ಸುತ್ತಲ ಚೂರು ಕೀಳುತ್ತ ಕೂತರೆ ಕಣ್ಣೇ ಹೋದೀತು. ಇಲ್ಲಿ ‘ರಾಜ್ಯೋತ್ಸವ’ದ ಒಂದೊಂದು ಒತ್ತೂ ತಾನಾಗಿಯೇ ಬಿಡಿಯಾಗಿ ನಿಲ್ಲುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಅಂಗಿಯನ್ನು ಮೊದಲು ಬರಿದೇ ಒಂದೆರಡು ಕ್ಷಣ ಒತ್ತುತ್ತಾಳೆ. ಹತ್ತಿಯೊಳಗಿನ ತೇವ ಆವಿಯಾಗಿ ಹೋಗಬೇಕು, ಇಲ್ಲದಿದ್ದರೆ ಅಂಟು ಕೂರದು. ಆಮೇಲೆ ಅಂಟು ಹತ್ತಿದ ಹಾಳೆ ಮಗುಚಿ ಮತ್ತೆ ‘ಧಡ್’; ಈ ಸಲ ಪೂರ್ತಿ ಆರಿದ ಮೇಲೆಯೇ ಸುಲಿಯುವುದು. ಆಯಾ ಕಾಗದಕ್ಕೆ ಆಯಾ ಕಾವು, ಅದು ಕಟ್ಟಿನ ಮೇಲೆಯೇ ಬರೆದಿರುತ್ತದೆ.

ರಾಶಿಯಲ್ಲಿ ಹಳದಿ ಅಂಗಿಗೆ ಕೆಂಪಕ್ಷರವೇ ಹೆಚ್ಚು. ಕೆಂಪಂಗಿಯ ಮೇಲೆ ಹಳದಿ ಬೇಕೆಂದರೆ ಕಷ್ಟ: ಹಳದಿ ಟೋನರು ಪಾರದರ್ಶಕ, ಕೆಳಗಿನ ಕೆಂಪು ಅದನ್ನು ನುಂಗಿಬಿಡುತ್ತದೆ. ಅದಕ್ಕೆ ಬಿಳಿ ಟೋನರಿರುವ ಪ್ರಿಂಟರೇ ಆಗಬೇಕು, ಅದರ ಬೆಲೆಯೂ ಹೆಚ್ಚು.

ಮೆಟ್ಟಿಲ ಬಳಿ ಬಡಾವಣೆಯ ಹುಡುಗರು ಕಾದಿದ್ದಾರೆ. ಬೆರಳೆಣಿಕೆಯ ಅಂಗಿ, ಒಂದೊಂದಕ್ಕೂ ಬೇರೆ ಹೆಸರು. ಇಷ್ಟಕ್ಕೆ ಸ್ಕ್ರೀನ್ ಪ್ರಿಂಟಿಂಗ್‌ನ ಚೌಕಟ್ಟು ಮಾಡಿಸಿದರೆ ಗಿಟ್ಟುವುದಿಲ್ಲ. ಕಟ್ಟು ಕೊಡುತ್ತ ಅವಳು ಒಂದೇ ಉಸಿರಿಗೆ ಹೇಳುತ್ತಾಳೆ: “ಇವತ್ತೇ ಒಗೀಬೇಡಿ. ಒಗೆಯೋವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ. ಅಕ್ಷರದ ಮೇಲೆ ಇಸ್ತ್ರಿ ಇಟ್ಟೀರಾ ಮತ್ತೆ!”