‘ಡಾಕ್ಟರ್ ಗಾಡಿ’ಯ ಒಳಗುಟ್ಟು

‘ಡಾಕ್ಟರ್ ಗಾಡಿ ಸರ್. ಒಬ್ರೇ ಓನರ್. ಹದಿಮೂರು ವರ್ಷದಲ್ಲಿ ಓಡಿರೋದು ಬರೀ ಇಪ್ಪತ್ತೆರಡು ಸಾವಿರ.’ ಮುಂಬೈಯ ಅಂಧೇರಿಯಲ್ಲಿ ಹಳೆಯ ಕಾರು ಹುಡುಕಲು ಹೊರಟವರಿಗೆ ಈ ಮಾತು ಹಿಂದಿಯಲ್ಲೋ ತುಳುವಿನಲ್ಲೋ ಕಿವಿಗೆ ಬಿದ್ದೇ ಬೀಳುತ್ತದೆ. ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಆಸೆ. ನನ್ನನ್ನು ಕೇಳಿದರೆ, ಅನುಮಾನ ಶುರುವಾಗಬೇಕಾದದ್ದೇ ಇಲ್ಲಿ. ಮೀಟರ್ ತಿರುಚಿರಬಹುದು ಅನ್ನುವ ಕಾರಣಕ್ಕಲ್ಲ, ಅದು ಬೇರೆ ಕಥೆ. ಮೀಟರ್ ನಿಜವನ್ನೇ ಹೇಳುತ್ತಿದ್ದರೂ ಅನುಮಾನ ಬೇಕು.

ಓಡೋಮೀಟರ್‌ಗೆ ಗೊತ್ತಿರುವುದು ಚಕ್ರ ಎಷ್ಟು ಸಲ ತಿರುಗಿತು ಎಂಬುದಷ್ಟೇ. ಚಕ್ರ ನಿಂತು ಎಂಜಿನ್ ಗುರುಗುಟ್ಟುತ್ತಿದ್ದರೆ ಅದು ಅದರ ಲೆಕ್ಕಕ್ಕಿಲ್ಲ. ಅಂಧೇರಿಯಲ್ಲಿ ಎಂಜಿನ್ನಿನ ಆಯುಷ್ಯದ ದೊಡ್ಡ ಪಾಲು ಕಳೆಯುವುದು ಹಾಗೆಯೇ. 2022ರ ನವೆಂಬರಿನಲ್ಲಿ ರೈಲು ಹಳಿ ದಾಟಿಸುವ ಗೋಖಲೆ ಸೇತುವೆ ಮುಚ್ಚಿದ ಮೇಲೆ, 2024ರ ಫೆಬ್ರವರಿಯಲ್ಲಿ ಅದರ ಒಂದು ಬದಿ ತೆರೆಯುವ ತನಕ, ಪೂರ್ವದಿಂದ ಪಶ್ಚಿಮಕ್ಕೆ ದಾಟಲು ಜನ ಪಟ್ಟ ಪಾಡು ಯಾವ ಮೀಟರಿನಲ್ಲೂ ದಾಖಲಾಗಿಲ್ಲ. ಗಂಟೆಗೆ 15 ಕಿ.ಮೀ. ಸರಾಸರಿಯಲ್ಲಿ 50,000 ಕಿ.ಮೀ. ಓಡಿದ ಕಾರಿನ ಎಂಜಿನ್ 3,300 ಗಂಟೆಗೂ ಹೆಚ್ಚು ದುಡಿದಿರುತ್ತದೆ. ಅಷ್ಟೇ ದೂರವನ್ನು ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯಲ್ಲಿ 60ರ ಸರಾಸರಿಯಲ್ಲಿ ಕ್ರಮಿಸಿದ ಕಾರಿಗೆ 830 ಗಂಟೆ ಸಾಕು. ಎರಡರ ಮೀಟರಿನಲ್ಲೂ ಒಂದೇ ಅಂಕಿ.

ಇದಕ್ಕಿಂತ ಕೆಡುಕಿನದು ಇನ್ನೊಂದಿದೆ. ಡಾಕ್ಟರ್ ಸಾಹೇಬರ ಕಾರು ಓಡಿದ್ದೆಲ್ಲ ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ. ಎರಡು ಕಿಲೋಮೀಟರಿನ ಓಟ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರೂ ಹುಟ್ಟುತ್ತದೆ, ಅದೂ ಸ್ವಲ್ಪವಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಆಗುವ ನೀರು ಇದು. ಎಂಜಿನ್ ಬಿಸಿಯಾಗಿದ್ದರೆ ಅದೆಲ್ಲ ಆವಿಯಾಗಿ ಸೈಲೆನ್ಸರ್ ದಾಟಿ ಹೊರಟುಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದು ಈ ತೇವ ಹಾರಿಹೋಗಲು ಕಾಲು ಗಂಟೆಯಾದರೂ ಓಡಬೇಕು. ಎರಡು ಕಿಲೋಮೀಟರಿಗೆ ಕೀಲಿ ತಿರುಗಿಸಿ ನಿಲ್ಲಿಸಿದರೆ ನೀರು ಒಳಗೇ ಉಳಿಯಿತು. ಮರುದಿನ ಮತ್ತಷ್ಟು.

ಇದನ್ನು ಕಣ್ಣಾರೆ ನೋಡಬಹುದು. ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಬೆನ್ನು ಮಾಡಿ ಹಿಡಿಯಿರಿ. ಒಳಬದಿ ತೆಳ್ಳನೆಯ ಕಂದು ಎಣ್ಣೆಯಿಂದ ಹೊಳೆಯುತ್ತಿದ್ದರೆ ಸರಿ. ಹಾಲು ಹೆಚ್ಚಾದ ಚಹಾದ ಬಣ್ಣದ ಮೊಸರು ಮೊಸರಾದ ಲೇಪ ಕಂಡರೆ ಅದು ನೀರು ಬೆರೆತ ಆಯಿಲ್. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದು ಮುಚ್ಚಳದಲ್ಲಿ ಮಾತ್ರ ಹೀಗಿದ್ದರೆ ಗಿಡ್ಡ ಓಟಗಳ ಗಾಡಿ ಎಂದರ್ಥ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣವಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಬೆರೆತಿರಬಹುದು. ಮಾರುವವರಿಗೆ ಕೈಮುಗಿದು ಬನ್ನಿ.

ಓಡುವ ಯಂತ್ರ ಬಾಳುತ್ತದೆ ಅನ್ನುವುದಕ್ಕೆ ಮುಂಬೈಗಿಂತ ದೊಡ್ಡ ಸಾಕ್ಷಿ ಬೇಡ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಇಪ್ಪತ್ತು ವರ್ಷ ಇದೇ ಮಳೆ, ಇದೇ ಉಪ್ಪುಗಾಳಿಯಲ್ಲಿ ದುಡಿದವು. ಕೊನೆಯದು 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿ, ವಯಸ್ಸಿನ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ನಡುವೆ ಎಂಜಿನ್ ಬಿಚ್ಚಿ ಕಟ್ಟಿಸಿಕೊಂಡದ್ದು ಉಂಟು, ನಿಜ. ಆದರೆ ಎರಡು ಪಾಳಿಯಲ್ಲಿ ಓಡುವ ಟ್ಯಾಕ್ಸಿಯ ಎಂಜಿನ್ ತಣಿಯುವುದೇ ಅಪರೂಪ. ಒಳಗೆ ನೀರು ಕೂರಲು ಪುರಸೊತ್ತೆಲ್ಲಿ?

ಮನೆಗೆ ಎರಡನೇ ಕಾರೆಂದು ಹಳೆಯದನ್ನು ಕೊಳ್ಳುವವರಿಗೆ ಈ ವಿಚಾರ ಯಾಕೆ ಅಂದರೆ, ನೀವು ಕೊಳ್ಳುವ ಗಾಡಿಯ ಬಾಳೂ ಆ ಡಾಕ್ಟರ್ ಗಾಡಿಯಂತೆಯೇ ಇರುತ್ತದೆ. ಮೊದಲ ಕಾರು ಯಜಮಾನರ ಜೊತೆ ಹೋಟೆಲಿಗೋ ಸೀಪ್ಝ್‌ನ ಆಫೀಸಿಗೋ ಹೋಗುತ್ತದೆ. ಇದು ಮಕ್ಕಳ ಟ್ಯೂಷನ್ನಿಗೆ, ಅತ್ತೆಯವರನ್ನು ಫೋರ್ ಬಂಗ್ಲೋಸಿನ ಆಸ್ಪತ್ರೆಗೆ ಕರೆದೊಯ್ಯಲು, ಭಾನುವಾರ ಕುರ್ಲಾದ ಬಂಟರ ಸಂಘದಲ್ಲಿ ಮದುವೆಯಿದ್ದರೆ ಅಲ್ಲಿಗೆ. ಉಳಿದ ಹೊತ್ತು ಸೊಸೈಟಿಯ ಅಂಗಳದಲ್ಲಿ ನಿಂತೇ ಇರುತ್ತದೆ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಾಂ, ಎಂಜಿನ್ ಕಂಪ್ಯೂಟರಿನ ನೆನಪು ಎಲ್ಲ ಸೇರಿ 30 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.72 ಆಂಪಿಯರ್-ಗಂಟೆ ಆಯಿತು. 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಇಪ್ಪತ್ತನಾಲ್ಕು ದಿನದಲ್ಲಿ ಅರ್ಧ ಖಾಲಿ. ಅರ್ಧ ಖಾಲಿಯಾಗಿಯೇ ಕೂತ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ರಬ್ಬರಿನ ವಿಷಯವೂ ಇದೇ, ಓಡಲಿ ಬಿಡಲಿ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಹುಡುಕಿ. 2316 ಎಂದಿದ್ದರೆ 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಕಚ್ಚು ಹೊಸದರಂತೆ ಆಳವಾಗಿದ್ದರೂ ಆ ಟೈರ್ ಮುದುಕನೇ. ನಾಲ್ಕು ಟೈರಿನ ಬೆಲೆ ಕಳೆದು ಚೌಕಾಶಿ ಮಾಡಿ.

ಟೈಮಿಂಗ್ ಬೆಲ್ಟ್ ಇನ್ನೂ ಅಪಾಯದ ರಬ್ಬರು. ಪಿಸ್ಟನ್ ಮೇಲ್ತುದಿ ಮುಟ್ಟುವಾಗ ವಾಲ್ವ್ ಅದರ ದಾರಿಯಿಂದ ಸರಿದಿರಬೇಕು. ಆ ತಾಳ ತಪ್ಪದಂತೆ ಎರಡನ್ನೂ ಕಟ್ಟಿಹಾಕುವುದು ಈ ಪಟ್ಟಿ. ಅದು ಕಡಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ಕಿಲೋಮೀಟರ್ ಆಗಿಲ್ಲವೆಂದು ಬೆಲ್ಟ್ ಬದಲಿಸದೆ ಹತ್ತು ವರ್ಷ ಬಿಟ್ಟ ‘ಕಡಿಮೆ ಓಡಿದ’ ಕಾರುಗಳೇ ಇಲ್ಲಿ ಸಿಕ್ಕಿಬೀಳುತ್ತವೆ. ಹಳೆಯ ಸ್ಯಾಂಟ್ರೋ, 1.1 ಲೀಟರಿನ ಐ10 ಬೆಲ್ಟಿನವು. 2010ರಿಂದ ಬಂದ ವ್ಯಾಗನ್-ಆರ್‌ನ ಮೂರು ಸಿಲಿಂಡರಿನ 998 ಸಿಸಿ ಕೆ10 ಎಂಜಿನ್ನಿಗೂ, 1.2 ಲೀಟರ್ ಕಪ್ಪಾ ಎಂಜಿನ್ನಿನ ಐ10ಗೂ ಉಕ್ಕಿನ ಚೈನ್. ಆಯಿಲ್ ಸಮಯಕ್ಕೆ ಬದಲಿಸುತ್ತಿದ್ದರೆ ಚೈನಿನ ಗೊಡವೆ ಇಲ್ಲ. ನನ್ನ ಓಟು ಈ ವ್ಯಾಗನ್-ಆರ್‌ಗೆ. ಚೆಂದದ ಗಾಡಿಯಂತೂ ಅಲ್ಲ, ಡಬ್ಬಿಯಂತಿದೆ. ಆದರೆ ಮೊಣಕಾಲು ನೋವಿರುವ ಅತ್ತೆಯವರು ಬಗ್ಗದೆ ಕೂರಬಹುದು, ಬಿಡಿಭಾಗ ಯಾವ ಗಲ್ಲಿಯಲ್ಲೂ ಸಿಗುತ್ತದೆ. 2019ಕ್ಕೆ ಮೊದಲಿನ ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗೂ ಎಬಿಎಸ್ಸೂ ಇಲ್ಲದಿರುವುದೇ ಹೆಚ್ಚು. ಸ್ವಲ್ಪ ಹೆಚ್ಚು ಕೊಟ್ಟು ಅವೆರಡೂ ಇರುವುದನ್ನೇ ಹುಡುಕಿ.

ಡೀಸೆಲ್ ಬೇಡವೇ ಬೇಡ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿದೆ. ಹಿಡಿದ ಮಸಿ ಸುಟ್ಟು ಬೂದಿಯಾಗಲು 600 ಡಿಗ್ರಿಯ ಆಸುಪಾಸಿನ ಕಾವು ಬೇಕು, ಅದಕ್ಕೆ ಹೆದ್ದಾರಿಯ ಓಟ ಬೇಕು. ಲೋಖಂಡ್‌ವಾಲಾದಿಂದ ಸ್ಟೇಷನ್ನಿಗೆ ಹೋಗಿ ಬರುವ ಕಾರಿಗೆ ಆ ಯೋಗವಿಲ್ಲ. ಸಿಎನ್‌ಜಿ ಕಾರಾದರೆ ಸಿಲಿಂಡರಿನ ಹೈಡ್ರೋ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಸುಮಾರು 200 ಬಾರ್ ಒತ್ತಡ ತಡೆಯುವ ಆ ಉಕ್ಕಿನ ಬುರುಡೆಯನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ನಿಯಮ.

ಇನ್ನು ನೆರೆನೀರು. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಅಂದು ಮುಳುಗಿದ ಕಾರುಗಳು ಈಗ ಗುಜರಿ ಸೇರಿರಬೇಕು. ಆದರೆ 2017ರ ಆಗಸ್ಟ್ 29ರ ಮಳೆಯಲ್ಲಿ ನೀರು ಕುಡಿದವು ಇನ್ನೂ ಮಾರಾಟಕ್ಕಿರಬಹುದು, ಅಂಧೇರಿ ಸಬ್‌ವೇಯಂತೂ ಪ್ರತಿ ಮಳೆಗಾಲ ತುಂಬುತ್ತದೆ. ಕೆ10 ಎಂಜಿನ್ನಿನ ಒಂದು ಸಿಲಿಂಡರ್ ಎಳೆದುಕೊಳ್ಳುವ ಗಾಳಿ 333 ಮಿ.ಲೀ. ಪಿಸ್ಟನ್ ಮೇಲೇರಿ ಅದನ್ನು ಹಿಸುಕಿದಾಗ ಉಳಿಯುವ ಜಾಗ ಸುಮಾರು 37 ಮಿ.ಲೀ. ಗಾಳಿ ಹಿಸುಕಿಸಿಕೊಳ್ಳುತ್ತದೆ, ನೀರು ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಅರ್ಧ ಚಹಾ ಲೋಟದಷ್ಟು ನೀರು ಒಳಹೊಕ್ಕರೆ ಸಾಕು, ಪಿಸ್ಟನ್ ಗೋಡೆಗೆ ಗುದ್ದಿದಂತೆ ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಎಂಜಿನ್ ರಿಪೇರಿಯಾಗಿ ಬಂದಿರಬಹುದು. ವೈರಿಂಗ್ ಹಾಗಲ್ಲ. 12 ವೋಲ್ಟಿನ ತಂತಿ ಕೊಳೆನೀರಿನಲ್ಲಿ ಮುಳುಗಿದರೆ ತಾಮ್ರ ಕರಗತೊಡಗಿ ಕನೆಕ್ಟರುಗಳಲ್ಲಿ ಹಸಿರು ಪುಡಿ ಕಟ್ಟುತ್ತದೆ. ತೊಂದರೆ ತಲೆಯೆತ್ತುವುದು ಎಷ್ಟೋ ತಿಂಗಳ ಮೇಲೆ, ಇಂದು ಪವರ್ ವಿಂಡೋ, ನಾಳೆ ಸ್ಟಾರ್ಟರ್.

ಡ್ರೈ ಕ್ಲೀನ್ ಮಾಡಿಸಿದ ಸೀಟು ಯಾರನ್ನೂ ಮೋಸ ಮಾಡಬಲ್ಲದು. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯ ಗೇಣಿನ ತನಕ ಹೊರಗೆಳೆಯಿರಿ. ಸುರುಳಿಯೊಳಗೆ ಅಡಗಿದ ಆ ಭಾಗವನ್ನು ತೊಳೆಯುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಅಲ್ಲಿ ಕೆಸರಿನ ಗೆರೆಯಿದ್ದರೆ ನೀರು ಎಷ್ಟೆತ್ತರ ಬಂದಿತ್ತೆಂದು ಅದೇ ಹೇಳುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯ ಮೂಲೆಗೆ ಬೆರಳು ಹಾಕಿ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ನೋಡಿ.

ತುಕ್ಕು ಬೇರೆ ದಾರಿಯಲ್ಲೂ ಬರುತ್ತದೆ. ವರ್ಸೋವಾದ ಅಲೆ ಒಡೆದಾಗ ಹಾರುವ ಸೀರ್ಪನಿಗಳಲ್ಲಿ ಉಪ್ಪಿರುತ್ತದೆ, ಗಾಳಿ ಅದನ್ನು ಸೆವೆನ್ ಬಂಗ್ಲೋಸಿನ ಪಾರ್ಕಿಂಗಿಗೆ ಹೊತ್ತು ತರುತ್ತದೆ. ಕಬ್ಬಿಣ ತುಕ್ಕಾಗುವುದು ವಿದ್ಯುತ್ ರಾಸಾಯನಿಕ ಕ್ರಿಯೆ. ಉಪ್ಪು ಬೆರೆತ ತೇವ ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುವುದರಿಂದ ಕೆಲಸ ಬಿರುಸಾಗುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರಿಳಿಯಲು ಬಿಟ್ಟ ಸಣ್ಣ ತೂತುಗಳಿವೆ, ಅವು ಧೂಳಿನಿಂದ ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಫ್ರಿಡ್ಜಿಗೆ ಅಂಟಿಸುವ ಆಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಬಾಗಿಲಿನ ಕೆಳಭಾಗಕ್ಕೆ, ಚಕ್ರದ ಮೇಲಿನ ಕಮಾನಿಗೆ ಹಿಡಿಯಿರಿ. ಹಿಡಿತ ಸಡಿಲವಾದಲ್ಲಿ ತಗಡಿನ ಜಾಗದಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ. ಎಂಜಿನ್ ಬದಲಿಸಬಹುದು, ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಎಂಥ ಹಳೆಯ ಭಾಗವೂ ಸಿಗುತ್ತದೆ. ಕೊಳೆತ ತಗಡಿಗೆ ಮದ್ದಿಲ್ಲ.

ಟೆಸ್ಟ್ ಡ್ರೈವ್ ಅಂದರೆ ಜನ ಲಿಂಕ್ ರೋಡಿನಲ್ಲಿ ಜೋರಾಗಿ ಒಂದು ಸುತ್ತು ಹೊಡೆದು ಬರುತ್ತಾರೆ. ನಾನಾದರೆ ಉಲ್ಟಾ ಮಾಡುತ್ತೇನೆ. ‘ನಾನು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿಟ್ಟು, ಹೋದೊಡನೆ ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡುತ್ತೇನೆ. ಮೊದಲು ಸ್ಟಾರ್ಟಾದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಮೇಲೆ ಎಸಿ ಪೂರ್ತಿ ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ, ಗಾಡಿ ನಿಂತಲ್ಲೇ ಇಪ್ಪತ್ತು ನಿಮಿಷ. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಎಲ್ಲ ಹೊರೆಯೂ ಫ್ಯಾನ್ ಮೇಲೆ. ತಾಪಮಾನದ ಮುಳ್ಳು ನಡುಮಟ್ಟದಲ್ಲೇ ನಿಂತು, ಫ್ಯಾನ್ ತಾನಾಗಿ ಶುರುವಾಗಿ ನಿಂತು, ಎಸಿಯ ಗಾಳಿ ತಣ್ಣಗೇ ಇದ್ದರೆ ಆ ಕಾರು ಎಸ್.ವಿ. ರಸ್ತೆಯ ಸಂಜೆಯನ್ನೂ ತಾಳಿಕೊಂಡೀತು. ಕೊನೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಮೂರನೇ ಗೇರಿನಲ್ಲಿ ಹೋಗುತ್ತ ಆಕ್ಸಿಲರೇಟರ್ ಅದುಮಿ. ಎಂಜಿನ್ ಕೂಗಿ ಗಾಡಿ ಏಳದಿದ್ದರೆ ಕ್ಲಚ್ ಪ್ಲೇಟ್ ತೀರಿದೆ. ಮುಂಬೈ ಕಾರಿಗೆ ಇದು ಮಾಮೂಲು, ದರದಲ್ಲಿ ಕಡಿತ ಮಾಡಿಸಿದರೆ ಆಯಿತು.

ಪೆಟ್ರೋಲ್ ಬಂಕಿನಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆಸಿದ ಇ20. ಲೀಟರಿಗೆ ಎಥನಾಲ್ ಕೊಡುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗವಷ್ಟೇ, ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಮೈಲೇಜಿನಲ್ಲಿ ಶೇ 6-7 ಹೋಯಿತೆಂದೇ ಲೆಕ್ಕ. 2023ಕ್ಕೆ ಮುಂಚಿನ ಹೆಚ್ಚಿನ ಕಾರುಗಳ ಇಂಧನದ ರಬ್ಬರ್ ಪೈಪುಗಳನ್ನು ಇದಕ್ಕೆಂದು ಮಾಡಿಲ್ಲ. ಕೊಂಡ ಮೇಲೆ ಮೊದಲ ಸರ್ವಿಸಿನಲ್ಲೇ ಅವನ್ನು ಹೊಸದು ಹಾಕಿಸಿ; ಸೋರುವ ಪೆಟ್ರೋಲ್ ಪೈಪಿನ ಜೊತೆ ಉಳಿತಾಯದ ಆಟ ಬೇಡ.

ಊರಿನಿಂದ, ಮಂಗಳೂರು-ಉಡುಪಿಯ ಕೆಎ-19 ಅಥವಾ ಕೆಎ-20ರ ಕಾರನ್ನು ಭಾವನಿಂದ ಅಗ್ಗಕ್ಕೆ ತರುವ ಆಲೋಚನೆ ನಮ್ಮವರಿಗೆ ಸಹಜ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟರೆ ಮಹಾರಾಷ್ಟ್ರದಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿನ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ರಸ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗದ ಮರುಪಾವತಿಗೆ ಬೇರೆ ಅರ್ಜಿ ಹಾಕಬೇಕು. ಭಾವ ಬಿಟ್ಟುಕೊಟ್ಟ ದುಡ್ಡು ಅದಕ್ಕೇ ಹೋಗುತ್ತದೆ. ಇಲ್ಲಿನದೇ ಎಂಎಚ್-02ರ ಕಾರಾದರೂ ನೋಂದಣಿಯ ಹದಿನೈದು ವರ್ಷದಲ್ಲಿ ಎಷ್ಟು ಉಳಿದಿದೆ ನೋಡಿ. ಇಲ್ಲಿ ಹದಿನೈದಾದ ಖಾಸಗಿ ಪೆಟ್ರೋಲ್ ಕಾರಿಗೆ ನಿಷೇಧವಿಲ್ಲ, ಫಿಟ್‌ನೆಸ್ ಪಾಸಾದರೆ ಐದೈದು ವರ್ಷ ಮುಂದುವರಿಸಬಹುದು. 600 ರೂಪಾಯಿಯಿದ್ದ ನವೀಕರಣ ಶುಲ್ಕ ಮಾತ್ರ 2022ರ ಏಪ್ರಿಲಿನಲ್ಲಿ 5,000 ಆಯಿತು. ಒಡೆತನ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿಯಾದ ದಿನವೇ ವಿಮೆಯ ವರ್ಗಾವಣೆಗೂ ಅರ್ಜಿ ಕೊಡಿ. ಅದಕ್ಕಿರುವ ಗಡುವು ಹದಿನಾಲ್ಕು ದಿನ. ಅದನ್ನು ಕಳೆದುಕೊಂಡು ಸಾಕಿನಾಕಾದಲ್ಲಿ ಯಾವುದಾದರೂ ಟೆಂಪೊ ತಿಕ್ಕಿಹೋದರೆ ಡೆಂಟಿಂಗ್-ಪೇಂಟಿಂಗಿನ ಬಿಲ್ಲು ನಿಮ್ಮ ಕೈಗೇ ಬರುತ್ತದೆ.