ಎವರೆಸ್ಟಿಗೆ ಕರೆದೊಯ್ಯುವವರನ್ನು ಏನು ಕೇಳಬೇಕು?

ಎವರೆಸ್ಟ್ ಏರುವುದು ಈಗ ತೇನ್‌ಸಿಂಗ್, ಹಿಲರಿಯವರ ಕಾಲದ ಮಾತಾಗಿ ಉಳಿದಿಲ್ಲ. ರೊಕ್ಕ ಕಟ್ಟಿದವರನ್ನು ಕರೆದುಕೊಂಡು ಹೋಗುವ ಕಂಪನಿಗಳು ಕಠ್ಮಂಡುವಿನ ಓಣಿ ಓಣಿಗಳಲ್ಲಿವೆ. ನೇಪಾಳ ಸರ್ಕಾರಕ್ಕೆ ವಿದೇಶಿಯರು ಕಟ್ಟುವ ಪರವಾನಗಿ ಶುಲ್ಕವೇ ವಸಂತ ಋತುವಿನಲ್ಲಿ ತಲೆಗೆ 15 ಸಾವಿರ ಡಾಲರು. 2025ರ ಸೆಪ್ಟೆಂಬರಿಗೆ ಮುಂಚೆ ಅದು 11 ಸಾವಿರ ಇತ್ತು. ಶೇರ್ಪಾ, ಆಮ್ಲಜನಕ, ಊಟ, ಡೇರೆ ಎಲ್ಲ ಸೇರಿಸಿದರೆ ನೇಪಾಳಿ ಕಂಪನಿಗಳ ಕಡೆ ಸುಮಾರು 35–40 ಲಕ್ಷ ರೂಪಾಯಿ ಆಗುತ್ತದೆ. ಪಾಶ್ಚಾತ್ಯ ಕಂಪನಿಗಳಾದರೆ ಅದರ ಎರಡು ಪಟ್ಟೂ ಆದೀತು.

ಸೊಲ್ಲಾಪುರದ ನಮ್ಮ ಮನೆಗೆ ಈ ಲೆಕ್ಕ ತಂದವಳು ಅಕ್ಕನ ಮಗಳು. ಬ್ಯಾಂಕಿನಲ್ಲಿ ನೌಕರಿ, ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಮುಗಿಸಿದ್ದಾಳೆ. ಹೋಟಗಿ ರಸ್ತೆಯ ಪ್ಲಾಟು ಮಾರಿ ಹೋಗುತ್ತೇನೆ ಅನ್ನುತ್ತಾಳೆ. ಅಕ್ಕ ಮಾತು ಬಿಟ್ಟಿದ್ದಾಳೆ. "ಮಾಮಾ, ನೀವು ಬೇಸ್ ಕ್ಯಾಂಪ್ ತನಕಾ ಹೋಗಿ ಬಂದೀರಿ. ಈ ಮೂರು ಕಂಪನಿಯೊಳಗ ಯಾವುದು ಛಲೋ ಹೇಳ್ರಿ" ಅಂತ ಕಾಗದಗಳನ್ನು ನನ್ನ ಮುಂದೆ ಹರಡಿದಳು. ನಾನು ಹೋದದ್ದು ಬರೀ ನಡೆದುಕೊಂಡು, 5,364 ಮೀಟರಿನ ತನಕ. ಆದರೂ ಈ ವಿಷಯ ಓದಿಕೊಂಡವನು, ಸುಮ್ಮನಿರಲಾಗಲಿಲ್ಲ.

ಮೂರೂ ಕಾಗದಗಳ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಒಂದೇ: ನೂರಕ್ಕೆ ಇಷ್ಟು ಮಂದಿ ಶಿಖರ ಮುಟ್ಟಿದರು ಅಂತ. ನನಗೆ ಅದರ ಮೇಲೆ ಭರವಸೆ ಇಲ್ಲ. ಯಾಕೆಂದರೆ 1996ರಲ್ಲಿ ನ್ಯೂಜಿಲೆಂಡಿನ ರಾಬ್ ಹಾಲ್ ಅವರ 'ಅಡ್ವೆಂಚರ್ ಕನ್ಸಲ್ಟೆಂಟ್ಸ್' ಅಂದರೆ ಈ ದಂಧೆಯಲ್ಲಿ ಎಲ್ಲರಿಗಿಂತ ನಂಬಿಕಸ್ತ ಹೆಸರು. ಗಿರಾಕಿಯಿಂದ 65 ಸಾವಿರ ಡಾಲರು ತೆಗೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಒಂದು, ಬಹಳ ಆದರೆ ಎರಡು ಗಂಟೆ. ಶಿಖರ ಮುಟ್ಟಿರಲಿ ಬಿಡಲಿ, ತಿರುಗಬೇಕು ಅನ್ನುತ್ತಿದ್ದವರೂ ಅವರೇ. 1995ರಲ್ಲಿ ಡಗ್ ಹ್ಯಾನ್ಸನ್ ಎಂಬ ಅಮೆರಿಕದ ಅಂಚೆ ನೌಕರನನ್ನು ಶಿಖರ ಇನ್ನೇನು ಸಿಕ್ಕಿತು ಅನ್ನುವಲ್ಲಿಂದ ಹಿಂದಕ್ಕೆ ಕರೆತಂದಿದ್ದರು. ಮರುವರ್ಷ ಅವನನ್ನೇ ಕರೆದು, ಶುಲ್ಕ ಕಡಿಮೆ ಮಾಡಿ ಮತ್ತೆ ಕರೆದೊಯ್ದರು. ಆ ಮೇ 10ರಂದು ಹ್ಯಾನ್ಸನ್ ತುದಿ ಮುಟ್ಟಿದ್ದು ಸಂಜೆ ನಾಲ್ಕರ ಮೇಲೆ. ಹಾಲ್ ಕಾದು ನಿಂತಿದ್ದರು. ಬಿರುಗಾಳಿ ಬಂತು, ಇಬ್ಬರೂ ಬರಲಿಲ್ಲ. ಆ ಒಂದು ಬಿರುಗಾಳಿಯಲ್ಲಿ ಪರ್ವತದ ಎರಡೂ ಬದಿ ಸೇರಿ ಎಂಟು ಮಂದಿ ಹೋದರು. ಟಿಬೆಟ್ ಕಡೆಯಿಂದ ಏರಿದ್ದ ನಮ್ಮ ಇಂಡೋ-ಟಿಬೆಟ್ ಗಡಿ ಪೊಲೀಸ್ ಪಡೆಯ ಮೂವರೂ ಅದರಲ್ಲಿದ್ದರು. ಎರಡನೇ ಸಲ ಬಂದವನಿಗೆ 'ಸಾಕು, ತಿರುಗು' ಅನ್ನುವುದು ಎಷ್ಟು ಕಷ್ಟ ಇರಬೇಕು, ಯೋಚಿಸಿ ನೋಡಿ.

ಇನ್ನೊಂದು ಕಥೆ ಇದಕ್ಕೆ ಉಲ್ಟಾ. 2012ರಲ್ಲಿ 'ಹಿಮಾಲಯನ್ ಎಕ್ಸ್‌ಪೀರಿಯೆನ್ಸ್' ಕಂಪನಿಯ ರಸೆಲ್ ಬ್ರೈಸ್ ಇಡೀ ತಂಡವನ್ನು ಬೇಸ್ ಕ್ಯಾಂಪಿನಿಂದಲೇ ಮನೆಗೆ ಕಳಿಸಿಬಿಟ್ಟರು. ಕುಂಭು ಹಿಮಪಾತದ ಮೇಲೆ, ಪಶ್ಚಿಮ ಭುಜದಲ್ಲಿ ನೇತುಬಿದ್ದ ಹಿಮಗಡ್ಡೆ ಅವರಿಗೆ ಸರಿ ಕಾಣಲಿಲ್ಲ. ಅದೇ ವರ್ಷ ಬೇರೆ ತಂಡದವರು ಏರಿ ಬಂದರು, ಗಿರಾಕಿಗಳು ಸಿಟ್ಟಾದರು. ಎರಡು ವರ್ಷದ ನಂತರ, 2014ರ ಏಪ್ರಿಲ್ 18ರಂದು, ಅದೇ ಭುಜದಿಂದ ಹಿಮ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು.

ಸತ್ತವರೆಲ್ಲ ಪರರ ಹಗ್ಗ, ಏಣಿ, ಸಾಮಾನು ಹೊತ್ತವರು. ಆಗ ಅವರ ಜೀವವಿಮೆಯ ಕನಿಷ್ಠ ಮೊತ್ತ ಹತ್ತು ಲಕ್ಷ ನೇಪಾಳಿ ರೂಪಾಯಿ. ನಮ್ಮ ಲೆಕ್ಕದಲ್ಲಿ ಆರು ಲಕ್ಷ ಚಿಲ್ಲರೆ. ಸರ್ಕಾರ ಮೊದಲು ಕೊಡುತ್ತೇನೆ ಅಂದ ತಕ್ಷಣದ ಪರಿಹಾರ 40 ಸಾವಿರ ನೇಪಾಳಿ ರೂಪಾಯಿ. ಶೇರ್ಪಾಗಳು ಆ ವರ್ಷ ಕೆಲಸಕ್ಕೆ ಏರಲೇ ಇಲ್ಲ. ಆಮೇಲೆ ವಿಮೆ ಹದಿನೈದು ಲಕ್ಷಕ್ಕೆ ಏರಿತು. ಹಾಗಾಗಿ ನಾನು ಹುಡುಗಿಗೆ ಬರೆಸಿದ ಮೊದಲ ಪ್ರಶ್ನೆ: ನಿಮ್ಮ ಶೇರ್ಪಾಗಳಿಗೆ ವಿಮೆ ಎಷ್ಟು, ಕನಿಷ್ಠವೋ ಅದಕ್ಕಿಂತ ಹೆಚ್ಚೋ? "ನನ್ನ ಜೀವದ್ದು ಕೇಳೂದು ಬಿಟ್ಟು ಅವರದ್ದು ಯಾಕ ಮಾಮಾ?" ಅಂದಳು. ಮೇಲೆ ನಿನ್ನ ಜೀವ ಇರುವುದೇ ಅವನ ಕೈಯೊಳಗವ್ವಾ ಅಂದೆ.

ಎರಡನೆಯದು ಆಮ್ಲಜನಕ. ನಾಲ್ಕು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡ ತುಂಬಿದರೆ ಸುಮಾರು 1,200 ಲೀಟರ್ ಅನಿಲ. ನಿಮಿಷಕ್ಕೆ ಎರಡು ಲೀಟರಿನಂತೆ ಹತ್ತು ತಾಸು, ನಾಲ್ಕರಂತೆ ಐದೇ ತಾಸು. 2019ರ ಮೇ ತಿಂಗಳಿನಲ್ಲಿ ತುದಿಯ ಬಳಿ ಸಂತೆಯಂತೆ ನಿಂತ ಸಾಲಿನ ಫೋಟೋ ನೀವೂ ನೋಡಿರಬೇಕು. ಅಲ್ಲಿ ಎರಡು ತಾಸು ನಿಂತರೆ ಈ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಹೆಚ್ಚುವರಿ ಸಿಲಿಂಡರ್ ಎಷ್ಟು, ಶೇರ್ಪಾನ ಪಾಲು ಬೇರೆ ಇದೆಯೋ ಇಲ್ಲವೋ, ಎರಡನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು. 2016ರಲ್ಲಿ ಪಶ್ಚಿಮ ಬಂಗಾಳದ ನಾಲ್ವರ ತಂಡದಲ್ಲಿ ಮೂವರು ಎವರೆಸ್ಟಿನ ಮೇಲೆ ತೀರಿಕೊಂಡರು. ಕಡಿಮೆ ಖರ್ಚಿನಲ್ಲಿ, ವರ್ಷಗಟ್ಟಲೆ ಕೂಡಿಟ್ಟು, ಸಾಲ ಮಾಡಿ ಹೊರಟವರು. ಮೇಲೆ ಆಮ್ಲಜನಕ ಸಾಲದೆ ಹೋಯಿತು. ನಮ್ಮಂಥ ಮಧ್ಯಮ ವರ್ಗದವರ ಕಥೆಯೇ ಅದು.

ಹೆಲಿಕಾಪ್ಟರಿನ ವ್ಯವಹಾರವನ್ನೂ ಕೇಳಿಡುವುದು ಒಳ್ಳೆಯದು. ಬೇಡವಾದರೂ ಚಾರಣಿಗರನ್ನು ಹತ್ತಿಸಿ ವಿಮೆಯ ರೊಕ್ಕ ಹೊಡೆಯುತ್ತಾರೆಂದು 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು.

ಕೊನೆಗೆ ನಾನು ಸೇರಿಸಿದ್ದು ಒಂದು ಬೇಡಿಕೆ: ನಿಮ್ಮ ಜೊತೆ ಬಂದು ಶಿಖರ ಮುಟ್ಟದೇ ಹಿಂದಿರುಗಿದ ಇಬ್ಬರ ಫೋನ್ ನಂಬರು, ಅವರನ್ನು ಕೇಳಿ ಕೊಡಿ. ಒಂದು ಕಂಪನಿ, ಮುಂಗಡ ಯಾವಾಗ ಕಟ್ಟುತ್ತೀರಿ ಅಂತ ಬರೆಯಿತು. ಇನ್ನೊಂದು, ನಮ್ಮಲ್ಲಿ ಅಂಥವರೇ ಇಲ್ಲ ಅಂದಿತು. ಮೂರನೆಯವರು ನಂಬರು ಕಳಿಸಿದರು. ಒಬ್ಬರು ಪುಣೆಯ ಇಂಜಿನಿಯರು. ಮುಕ್ಕಾಲು ತಾಸು ಮಾತಾಡಿದರು. 8,400 ಮೀಟರಿನ 'ಬಾಲ್ಕನಿ'ಯಲ್ಲಿ, ಗಾಳಿ ಹೆಚ್ಚಾಯಿತೆಂದು ಶೇರ್ಪಾ ಅವರನ್ನು ತಿರುಗಿಸಿದನಂತೆ. ಅಲ್ಲೇ ಜಗಳ ಆಡಿದರಂತೆ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಅಂದರು. ಮತ್ತೆ ಹೋಗುವುದಾದರೆ ಯಾರ ಜೊತೆ ಅಂತ ಹುಡುಗಿ ಕೇಳಿದಳು. ಅದೇ ಕಂಪನಿ, ಆಗುವುದಾದರೆ ಅದೇ ಶೇರ್ಪಾ ಅಂದರು.