ಸೈಕಲ್ ಫ್ರೇಮಿಗೆ ಮನೆಯಲ್ಲೇ ಬಣ್ಣ: ನಂಬಿಕೆ ಏನು, ನಿಜ ಏನು

ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ಒರಗಿದ್ದ ಅಪ್ಪನ ಕಾಲದ ಸೈಕಲ್ಲನ್ನು ಹೊರಗೆಳೆದು, ಹಾರ್ಡ್‌ವೇರ್ ಅಂಗಡಿಯಿಂದ ಎರಡು ಸ್ಪ್ರೇ ಡಬ್ಬಿ ತಂದರೆ ಭಾನುವಾರ ಸಂಜೆಯೊಳಗೆ ಹೊಸದಾಗಿಬಿಡುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಬಣ್ಣ ಹೊಡೆಯುವುದೇನೋ ಅರ್ಧ ದಿನದ ಕೆಲಸ. ಅದಕ್ಕೆ ಮೊದಲು ಬಿಚ್ಚಿ, ಉಜ್ಜಿ, ಒರೆಸಲು ಎರಡು ದಿನ ಬೇಕು. ಆಮೇಲೆ ಒಣಗಲು ಒಂದು ವಾರವಾದರೂ ಬಿಡಬೇಕು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ತುಕ್ಕಿನ ಮೇಲೆ ಒಂದು ಕೋಟು ಬಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ’ ಎಂಬ ಮಾತು. ತುಕ್ಕು ಗಟ್ಟಿ ಪದರವಲ್ಲ, ಸಣ್ಣ ಸಣ್ಣ ರಂಧ್ರಗಳಿರುವ ಹುಡಿ. ತೇವವೂ ಗಾಳಿಯೂ ಅದರೊಳಗೆ ಇದ್ದೇ ಇರುತ್ತವೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಮೇಲಿನ ಬಣ್ಣವನ್ನು ಕೆಳಗಿನಿಂದಲೇ ಗುಳ್ಳೆಯಂತೆ ಎತ್ತುತ್ತದೆ. ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉದುರಿಸಲೇಬೇಕು. ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿದರೆ, ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಉದುರುವ ತುಕ್ಕಿನ ಮೇಲೆ ಹಚ್ಚಿದರೆ ಅದೂ ವ್ಯರ್ಥ.

ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪೇ ತುಕ್ಕಿಗೆ ಮದ್ದು ಎನ್ನುವವರಿದ್ದಾರೆ. ಆ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನದೇ ಹತ್ತಿರದ ಬಂಧು! ಅದು ಸ್ಥಿರ ವಸ್ತು, ತಾನಾಗಿ ತುಕ್ಕನ್ನು ತಡೆಯುವುದಿಲ್ಲ. ಲೋಹಕ್ಕೆ ಅಂಟಿಕೊಂಡು ಮೇಲಿನ ಬಣ್ಣಕ್ಕೆ ಹಿಡಿತ ಕೊಡುವುದು ಪ್ರೈಮರಿನ ಕೆಲಸ; ತುಕ್ಕು ತಡೆಯುವ ಗುಣ ಬೇಕಿದ್ದರೆ ಸತುವಿನ ಫಾಸ್ಫೇಟ್ ಬೆರೆಸಿದ ಪ್ರೈಮರ್ ಕೇಳಿ ತನ್ನಿ. ಅಲ್ಯೂಮಿನಿಯಂ ಫ್ರೇಮಿಗೆ ಎಚ್ (etch) ಪ್ರೈಮರ್ ಎಂಬುದು ಬೇರೆಯೇ ಇದೆ. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಉಕ್ಕು.

ಹಳೆಯ ಬಣ್ಣವನ್ನು ಪೂರ್ತಿ ಕೆರೆದು ಲೋಹ ಕಾಣಿಸಲೇಬೇಕು ಎಂಬುದೂ ಸರಿಯಲ್ಲ. ಗಟ್ಟಿಯಾಗಿ ಕೂತಿರುವ ಹಳೆ ಬಣ್ಣ ಒಳ್ಳೆಯ ತಳಹದಿ. 320 ನಂಬರಿನ ಸ್ಯಾಂಡ್ ಪೇಪರಿನಿಂದ ಅದರ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಉಜ್ಜುವಾಗ ಕಾಗದವನ್ನು ನೀರಿನಲ್ಲಿ ಅದ್ದಿಕೊಳ್ಳಿ. ನಮ್ಮಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಪ್ಪನ ಸೈಕಲ್ಲಿನ ಬಣ್ಣದಲ್ಲಿ ಸೀಸ ಇದ್ದಿರಬಹುದು, ಆ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಉಜ್ಜಿದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸುವ ರೂಢಿಯನ್ನೂ ಬಿಡಿ. ಅದು ಜಿಡ್ಡಿನ ತೆಳು ಪೊರೆ ಉಳಿಸುತ್ತದೆ, ಬಣ್ಣ ಅಲ್ಲಲ್ಲಿ ಕುಳಿಬಿದ್ದು ಸರಿಯುತ್ತದೆ. ಕೊನೆಯ ಒರೆಸು ಥಿನ್ನರಿನದಾಗಲಿ.

ಬಣ್ಣ ದಪ್ಪವಾದಷ್ಟೂ ಬಾಳಿಕೆ ಎಂಬುದನ್ನು ನಾನೂ ನಂಬಿದ್ದೆ. ದಪ್ಪ ಕೋಟಿನ ಮೇಲ್ಮೈ ಬೇಗ ಒಣಗಿ, ಒಳಗಿನ ದ್ರಾವಕ ಹೊರಬರಲಾರದೆ ಸಿಕ್ಕಿಬೀಳುತ್ತದೆ. ಬಣ್ಣ ಸುಕ್ಕುಗಟ್ಟುತ್ತದೆ, ಇಳಿದು ಗೆರೆಯಾಗುತ್ತದೆ. ಡಬ್ಬಿಯನ್ನು 20ರಿಂದ 30 ಸೆಂ.ಮೀ. ದೂರ ಹಿಡಿದು ಮೂರು ನಾಲ್ಕು ತೆಳು ಕೋಟು ಕೊಡಿ. ಎರಡು ಕೋಟುಗಳ ನಡುವಿನ ಅಂತರ ಡಬ್ಬಿಯ ಮೇಲೇ ಬರೆದಿರುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ. ಮೂಗಿಗೆ ಕಟ್ಟಿದ ಕರವಸ್ತ್ರ ದ್ರಾವಕದ ಆವಿಯನ್ನು ತಡೆಯದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಸೂರಿನಡಿ ಮಳೆಹನಿ ಬೀಳದಿದ್ದರೆ ಸಾಕು ಎಂದುಕೊಂಡು ಆಷಾಢದಲ್ಲಿ ಹೊಡೆದ ನನ್ನ ಕಡುನೀಲಿ, ಬೆಳಗಾಗುವಷ್ಟರಲ್ಲಿ ಬೂದಿ ಮೆತ್ತಿದಂತೆ ಬಿಳಿಚಿತ್ತು. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಹಸಿ ಬಣ್ಣದ ಮೇಲೆಯೇ ಇಬ್ಬನಿಯಾಗಿ ಕೂರುತ್ತದೆ. ಮತ್ತೆ ಉಜ್ಜಿ ಮೊದಲಿನಿಂದ ಶುರುಮಾಡಬೇಕಾಯಿತು. ಮುಟ್ಟಿದರೆ ಅಂಟದಿದ್ದಮಾತ್ರಕ್ಕೆ ಬಣ್ಣ ಗಟ್ಟಿಯಾಯಿತು ಎಂದೂ ಅಲ್ಲ. ಎನಾಮಲ್ ಒಳಗಿನವರೆಗೆ ಗಟ್ಟಿಯಾಗುವ ಮೊದಲೇ ಕ್ಲಾಂಪು ಬಿಗಿದರೆ ಅದರ ಅಚ್ಚು ಶಾಶ್ವತ.

ಇಷ್ಟೆಲ್ಲ ಮಾಡಿದರೂ ಹೊರಗಿನ ಬಣ್ಣ ಫ್ರೇಮಿನ ಒಳಗನ್ನು ಕಾಯುವುದಿಲ್ಲ. ಸೀಟಿನ ಕಂಬದ ಸಂದಿನಿಂದ ಇಳಿದ ನೀರು ಪೆಡಲ್ ಅಚ್ಚಿನ ಕೊಳವೆಯ ಬಳಿ ನಿಂತು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಬಿಚ್ಚಿದಾಗಲೇ ಆ ಭಾಗವನ್ನು ಬೆಳಕಿಗೆ ಹಿಡಿದು ನೋಡಿ: ಹಳೆ ಬಣ್ಣದಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅಡಿಯಲ್ಲಿ ಲೋಹವೇ ಬಿರುಕು ಬಿಟ್ಟಿರಬಹುದು, ಅದಕ್ಕೆ ಬಣ್ಣಕ್ಕಿಂತ ಮೊದಲು ವೆಲ್ಡಿಂಗ್‌ನವನ ಕಣ್ಣು ಬೇಕು. ಬಣ್ಣವೆಲ್ಲ ಗಟ್ಟಿಯಾದ ಮೇಲೆ, ಬಿಡಿಭಾಗ ಜೋಡಿಸುವ ಮುಂಚೆ, ಕೊಳವೆಗಳೊಳಗೆ ಸ್ವಲ್ಪ ಮೆಷಿನ್ ಎಣ್ಣೆ ಸುರಿದು ಫ್ರೇಮನ್ನು ಅತ್ತಿತ್ತ ಹೊರಳಿಸಿ. ತಳದಲ್ಲಿ ನೀರು ಬಸಿಯುವ ಸಣ್ಣ ತೂತಿದ್ದರೆ ಅದನ್ನು ಸೂಜಿಯಿಂದ ಬಿಡಿಸಿಡಿ. ಹೊಸ ಬಣ್ಣ ಅದನ್ನು ಮುಚ್ಚಿರುತ್ತದೆ.